ಹಿಂದಿನ ಡಿಫ್ ಪದೇ ಪದೇ ಹಲ್ಲು ಉದುರಿಸುತ್ತಿದೆ: ರೆವೋ, ಸ್ಯಾವೇಜ್, ಟಿ-ಮ್ಯಾಕ್ಸ್‌ಗಳಲ್ಲಿ ಯಾವುದು ಹೆಚ್ಚು ಬಾಳಿಕೆ?

ಪ್ರಶ್ನೆ

ಹಳೆಯ ರಿಮೋಟ್ ಕಂಟ್ರೋಲ್ ನೈಟ್ರೋ (ನೈಟ್ರೋ ಇಂಧನದಲ್ಲಿ ಓಡುವ) ಮಾನ್‌ಸ್ಟರ್ ಟ್ರಕ್, 3.5 ಸಿಸಿ ಎಂಜಿನ್, ಎರಡು ಗೇರ್, ನಾಲ್ಕೂ ಚಕ್ರಕ್ಕೆ ಡ್ರೈವ್ ಇದೆ. ಹಿಂದಿನ ಡಿಫರೆನ್ಷಿಯಲ್‌ನ (ಡಿಫ್, ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ರಿಂಗ್ ಗೇರ್, ಅಂದರೆ ಒಳಗಿನ ದೊಡ್ಡ ಗೇರ್, ಇದು ಮೂರನೇ ಸಲ ಹೋಗಿರೋದು. ಐದಾರು ಟ್ಯಾಂಕ್ ಓಡುವಷ್ಟರಲ್ಲಿ ಕರಕರ ಸದ್ದು ಶುರುವಾಗುತ್ತೆ, ಆಮೇಲೆ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಬಿಚ್ಚಿದರೆ ನಾಲ್ಕೈದು ಹಲ್ಲು ಅರ್ಧಕ್ಕೆ ಮುರಿದಿರುತ್ತೆ, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್ನಿನ ತುದಿ ಸವೆದಿರುತ್ತೆ. ಮುಂದಿನ ಡಿಫ್ ಚೆನ್ನಾಗಿದೆ. ಪ್ಲಾಸ್ಟಿಕ್ ಶಾಫ್ಟ್ ತೆಗೆದು ಸ್ಟೀಲ್ ಸಿವಿಡಿ (ಚಕ್ರ ತಿರುಗಿಸುವ ಕೀಲುಳ್ಳ ಶಾಫ್ಟ್) ಹಾಕಿದ ಮೇಲೆ ಈ ಕಾಟ ಶುರು. ಗಾಡಿಯನ್ನೇ ಬದಲಾಯಿಸಿದರೆ ತಪ್ಪುತ್ತಾ? ರೆವೋ 3.3, ಸ್ಯಾವೇಜ್ ಎಕ್ಸ್ 4.6, ಟಿ-ಮ್ಯಾಕ್ಸ್ 3.3, ಈ ಮೂರರಲ್ಲಿ ಯಾವುದು ಗಟ್ಟಿ?

ಉತ್ತರ 1

ಸರ್, ಕಾರಣವನ್ನು ನೀವೇ ಬರೆದಿದ್ದೀರಿ: ಸಿವಿಡಿ. ಪ್ಲಾಸ್ಟಿಕ್ ಶಾಫ್ಟ್ ಪೆಟ್ಟು ಬಿದ್ದಾಗ ಸ್ವಲ್ಪ ತಿರುಚಿಕೊಂಡು ಅದನ್ನು ನುಂಗುತ್ತಿತ್ತು, ತೀರಾ ಹೆಚ್ಚಾದರೆ ತಾನೇ ಮುರಿಯುತ್ತಿತ್ತು. ಸ್ಟೀಲ್ ಬಗ್ಗಲ್ಲ. ಅದೇ ಪೆಟ್ಟು ಈಗ ನೇರವಾಗಿ ರಿಂಗ್ ಗೇರಿಗೆ ಹೋಗುತ್ತಿದೆ. ವೇಗ ಹೆಚ್ಚಿಸುವಾಗ ಭಾರ ಹಿಂದಕ್ಕೆ ವಾಲುವುದರಿಂದ ಹಿಂದಿನ ಡಿಫ್ ಮೊದಲು ಸೋಲುತ್ತೆ. ಗಾಡಿ ಬದಲಿಸುವ ಮೊದಲು ಮೆಶ್ (ಎರಡು ಗೇರ್‌ಗಳ ಹಲ್ಲು ಕಚ್ಚಿಕೊಳ್ಳುವ ಬಿಗಿ) ಸರಿಮಾಡಿ. ಹೊಸ ಗೇರನ್ನು ಹಾಗೇ ತಂದು ಕೂರಿಸಿದರೆ ನಾಲ್ಕನೇದೂ ಹೋಗುತ್ತೆ.

ಮುರಿದ ಗೇರನ್ನು ಬಿಸಾಡಬೇಡಿ, ಬೆಳಕಿಗೆ ಹಿಡಿದು ಹಲ್ಲು ನೋಡಿ. ಹಲ್ಲಿನ ಮೇಲಂಚಿನಲ್ಲಿ ಮಾತ್ರ ಕಿರಿದಾದ ಹೊಳೆಯುವ ಗೆರೆ ಇದ್ದು, ಬುಡದ ಕಡೆ ಲೋಹ ಇನ್ನೂ ಮಬ್ಬಾಗಿದ್ದರೆ ಮೆಶ್ ಸಡಿಲ ಎಂದರ್ಥ. ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡು ಓಡಿವೆ. ಹಲ್ಲಿನ ಉದ್ದಕ್ಕೂ ಹೊಳಪಿದ್ದು ಬುಡದಿಂದಲೇ ಕಿತ್ತಿದ್ದರೆ ಅದು ಪೆಟ್ಟಿನ ಕೆಲಸ, ಸ್ಲಿಪ್ಪರ್ ಕ್ಲಚ್ (ಹೊರೆ ಹೆಚ್ಚಾದಾಗ ಜಾರಿ ಗೇರ್ ಉಳಿಸುವ ಕ್ಲಚ್) ನೋಡಬೇಕು. ಅರ್ಧಕ್ಕೆ ಮುರಿದಿದೆ, ಪಿನಿಯನ್ ತುದಿ ಸವೆದಿದೆ ಅಂದಿದ್ದೀರಿ. ಹಾಗಾದರೆ ಮೊದಲನೆಯದೇ.

ಮೊದಲು ಪಿನಿಯನ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಅಲುಗಾಡಿದರೆ 0.1 ಮಿಮೀ ದಪ್ಪದ ತೆಳು ಶಿಮ್ ವಾಷರ್ ಹಾಕಿ ಆ ಅಲುಗಾಟ ತೆಗೆಯಿರಿ. ಈ ಹೆಜ್ಜೆ ಬಿಟ್ಟು ರಿಂಗ್ ಗೇರಿಗೆ ಎಷ್ಟು ಶಿಮ್ ಹಾಕಿದರೂ ಪ್ರಯೋಜನ ಇಲ್ಲ, ಎಕ್ಸಿಲರೇಟರ್ ಕೊಟ್ಟ ಕೂಡಲೇ ಪಿನಿಯನ್ ಹಿಂದೆ ಸರಿದು ಮೆಶ್ ಮತ್ತೆ ಸಡಿಲ ಆಗುತ್ತೆ. ಆಮೇಲೆ ರಿಂಗ್ ಗೇರಿನ ಹಲ್ಲಿಲ್ಲದ ಬೆನ್ನಿನ ಕಡೆ, ಬೇರಿಂಗ್ ಪಕ್ಕದಲ್ಲಿ ಒಂದೊಂದಾಗಿ ಶಿಮ್ ಸೇರಿಸಿ. ಒಂದು ಸೇರಿಸಿದ ಮೇಲೆ ಕೇಸ್ ಮುಚ್ಚಿ, ಸ್ಕ್ರೂ ಬಿಗಿದು, ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ. ಕೇಸ್ ಬಿಗಿಯದೆ ನೋಡಿದರೆ ಲೆಕ್ಕ ತಪ್ಪುತ್ತೆ. ಎಲ್ಲೂ ಹಿಡಿಯಬಾರದು, ಆದರೆ ಪಿನಿಯನ್ ಅಲ್ಲಾಡಿಸಿದರೆ ಕಟಕಟ ಅನ್ನಲೂ ಬಾರದು. ಯಾವುದೋ ಒಂದು ಜಾಗದಲ್ಲಿ ಮಾತ್ರ ಹಿಡಿದರೆ ಶಿಮ್ ಜಾಸ್ತಿಯಾಗಿದೆ ಎಂದುಕೊಳ್ಳಬೇಡಿ. ರಿಂಗ್ ಗೇರ್ ಸ್ಕ್ರೂ ಓರೆಯಾಗಿ ಕೂತಿರಬಹುದು, ಒಮ್ಮೆ ಬಿಚ್ಚಿ ಎದುರುಬದುರು ಕ್ರಮದಲ್ಲಿ ಬಿಗಿಯಿರಿ.

ಖಚಿತ ಮಾಡಿಕೊಳ್ಳಲು ಮೂರ್ನಾಲ್ಕು ಹಲ್ಲಿಗೆ ಮಾರ್ಕರ್ ಬಳಿದು ಭಾರ ಕೊಟ್ಟು ತಿರುಗಿಸಿ. ಮಸಿ ಹಲ್ಲಿನ ನಡುಭಾಗದಲ್ಲಿ ಅಳಿಸಿರಬೇಕು.

ಬೇರಿಂಗುಗಳನ್ನೂ ಅದೇ ಹೊತ್ತಿಗೆ ಬದಲಿಸಿ. ಮುರಿದ ಹಲ್ಲಿನ ಚೂರು ಅದರೊಳಗೆ ಹೊಕ್ಕಿರುತ್ತೆ. ರಿಂಗ್ ಗೇರಿಗೆ ಗ್ರೀಸ್. ಡಿಫ್ ಕಪ್ಪಿನೊಳಗೆ ಸಿಲಿಕಾನ್ ಎಣ್ಣೆ, ಅಡ್ಡ ಪಿನ್ ಮುಳುಗುವಷ್ಟು. ಎಣ್ಣೆಯ ಸಾಂದ್ರತೆ (ಸಿಎಸ್‌ಟಿ) ಮುಂದೆ 30,000, ಹಿಂದೆ 10,000 ಇಟ್ಟು ಶುರುಮಾಡಿ.

ಉತ್ತರ 2

ಮೆಶ್ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಗಾಡಿಗಳ ಪ್ರಶ್ನೆಗೆ ಬರುತ್ತೇನೆ. "ಯಾವುದು ಗಟ್ಟಿ" ಅನ್ನುವುದಕ್ಕಿಂತ "ಯಾವುದು ಎಲ್ಲಿ ಮುರಿಯುತ್ತೆ" ಅಂತ ಕೇಳಿ, ಅದಕ್ಕೆ ನೇರ ಉತ್ತರ ಇದೆ.

ಟಿ-ಮ್ಯಾಕ್ಸ್ ಮೂರರಲ್ಲಿ ಹಿರಿಯದು, 1999ರದ್ದು. ಮೊದಲು ಬಂದಾಗ ಎಂಜಿನ್ 2.5 ಸಿಸಿ ಆಸುಪಾಸಿನದು. 3.3 ಬಂದಮೇಲೆ ಶಕ್ತಿ ಬಹಳ ಏರಿತು. ಚಪ್ಪಟೆ ಅಲ್ಯೂಮಿನಿಯಂ ಚಾಸಿ ಎತ್ತರದಿಂದ ಮೂತಿ ಅಡಿಯಾಗಿ ಬಿದ್ದರೆ ಬಾಗುತ್ತೆ. ತೆಗೆದು ಸಮತಟ್ಟು ಗಾಜಿನ ಮೇಲಿಟ್ಟರೆ ಬಾಗಿದ್ದು ಗೊತ್ತಾಗುತ್ತೆ. ಹಗುರ ಇರುವುದರಿಂದ ಮಿಕ್ಕ ಭಾಗಗಳ ಮೇಲೆ ಪೆಟ್ಟು ಕಡಿಮೆ. ರಿವರ್ಸ್ ಇರುವ ಗಾಡಿ ಪೂರ್ತಿ ನಿಲ್ಲುವ ಮುನ್ನ ಹಿಂದಕ್ಕೆ ಹಾಕಬೇಡಿ, ಗೇರ್‌ಬಾಕ್ಸ್ ಒಂದೇ ಏಟಿಗೆ ಹೋಗುತ್ತೆ. (ರೆವೋದ ಆಪ್ಟಿಡ್ರೈವ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಗಾಡಿ ಓಡುತ್ತಿರುವಾಗ ರಿವರ್ಸ್‌ಗೆ ಹಾಕಲು ಬಿಡುವುದಿಲ್ಲ. ನನ್ನ ಲೆಕ್ಕದಲ್ಲಿ ಅದೊಂದು ದೊಡ್ಡ ಅನುಕೂಲ.)

ಸ್ಯಾವೇಜ್ 2002ರಲ್ಲಿ ಬಂತು. ಎರಡು ಅಲ್ಯೂಮಿನಿಯಂ ತಟ್ಟೆಗಳು ನೆಟ್ಟಗೆ ನಿಂತಿರುತ್ತವೆ, ಎಂಜಿನ್ನು ಗೇರ್‌ಬಾಕ್ಸ್ ಅವುಗಳ ನಡುವೆ. ನಿಂತ ತಟ್ಟೆ ಮೇಲಿಂದ ಬೀಳುವ ಭಾರಕ್ಕೆ ಬಾಗುವುದು ಕಷ್ಟ. ಮರದ ಪಟ್ಟಿಯನ್ನು ಅಡ್ಡ ಇಟ್ಟು ಬಗ್ಗಿಸುವುದಕ್ಕೂ ನೆಟ್ಟಗಿಟ್ಟು ಬಗ್ಗಿಸುವುದಕ್ಕೂ ಇರುವ ವ್ಯತ್ಯಾಸ ಅದು. ಜಿಗಿತಕ್ಕೆ ಇದನ್ನೇ ಹೇಳುತ್ತೇನೆ. ಆದರೆ 4.6 ಸಿಸಿ ಎಂಜಿನ್ನು, ಭಾರದ ಗಾಡಿ, ಹಾಗಾಗಿ ಡಿಫ್‌ಗೆ ಬೀಳುವ ಹೊರೆಯೂ ಜಾಸ್ತಿ. ಹಳೆಯ ಗಾಡಿಗಳ ರಿಂಗ್ ಗೇರ್ ಸೋಲುತ್ತಿದ್ದುದರಿಂದಲೇ ಬುಲೆಟ್‌ಪ್ರೂಫ್ ಹೆಸರಿನ ಗೇರ್ ಬಂದದ್ದು. ಹಳೆಯದು ಕೊಂಡರೆ ಒಳಗೆ ಯಾವುದಿದೆ ಅಂತ ತೆರೆದು ನೋಡಿ. ಶಾಕ್‌ಗಳು ಹೊರಗೇ ಇರುವುದರಿಂದ ಶಾಫ್ಟ್ ಬಾಗುವುದು, ಪ್ಲಾಸ್ಟಿಕ್ ತುದಿ ಕಳಚುವುದು ಮಾಮೂಲು.

ರೆವೋ 2004ರದ್ದು. ನಾಲ್ಕೇ ಶಾಕ್, ಅವೂ ಚಾಸಿ ಮೇಲೆ ಮಲಗಿರುತ್ತವೆ, ಪುಶ್‌ರಾಡ್ (ತಳ್ಳುವ ಕಡ್ಡಿ) ಮತ್ತು ರಾಕರ್ (ಆ ತಳ್ಳನ್ನು ಶಾಕ್ ಕಡೆಗೆ ತಿರುಗಿಸುವ ಸನ್ನೆ) ಮೂಲಕ ಕೆಲಸ ಮಾಡುತ್ತವೆ. ಕಲ್ಲು ಬಡಿದರೂ ಶಾಕ್ ಉಳಿಯುತ್ತೆ, ಪುಶ್‌ರಾಡ್ ಬಾಗುತ್ತೆ ಅಥವಾ ತುದಿ ಕಳಚಿಕೊಳ್ಳುತ್ತೆ. ರಾಡ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಪಿವಟ್ ಬಾಲ್ ಮುಚ್ಚಳ ಮಾತ್ರ ನಾಲ್ಕೈದು ಟ್ಯಾಂಕಿಗೊಮ್ಮೆ ಬಿಗಿ ನೋಡಬೇಕು.

ಸ್ಟೀಲ್ ಸಿವಿಡಿ ಹಾಕಿ ಸ್ಲಿಪ್ಪರ್ ಪೂರ್ತಿ ಬಿಗಿದರೆ ಈ ಮೂರರಲ್ಲಿ ಯಾವುದೂ ಡಿಫ್ ಉಳಿಸಿಕೊಳ್ಳಲ್ಲ.

ಪ್ರಶ್ನೆ ಕೇಳಿದವರು

ಸ್ಲಿಪ್ಪರ್ ಪೂರ್ತಿ ಬಿಗಿದೇ ಇದೆ. ಸಡಿಲ ಬಿಟ್ಟರೆ ಪ್ಯಾಡ್ ಸುಡಲ್ವಾ? ಸಸ್ಪೆನ್ಷನ್ ಆರ್ಮ್ ಕೂಡ ಅಲ್ಯೂಮಿನಿಯಂ ಹಾಕಬೇಕು ಅಂತಿದ್ದೆ, ಹಾಕಲಾ?

ಉತ್ತರ 1

ತೀರಾ ಸಡಿಲ ಬಿಟ್ಟರೆ ಸುಡುತ್ತೆ, ನಿಜ. ಸ್ಪ್ರಿಂಗ್ ಪೂರ್ತಿ ಒತ್ತುವ ತನಕ ಬಿಗಿದು, ಅಲ್ಲಿಂದ ಒಂದು ಸುತ್ತು ಹಿಂದೆ ಬನ್ನಿ. ಹಿಡಿತ ಚೆನ್ನಾಗಿರುವ ನೆಲದಲ್ಲಿ ನಿಂತ ಗಾಡಿಗೆ ಒಮ್ಮೆಗೇ ಪೂರ್ತಿ ಎಕ್ಸಿಲರೇಟರ್ ಕೊಡಿ. ಮೊದಲ ಅರ್ಧ ಮೀಟರ್ ಸ್ಲಿಪ್ಪರ್ ಜಾರಿ, ಆಮೇಲೆ ಕಚ್ಚಬೇಕು. ಹೆಚ್ಚು ಜಾರಿದರೆ ಎಂಟನೇ ಒಂದು ಸುತ್ತಿನಂತೆ ಬಿಗಿಯುತ್ತಾ ಬನ್ನಿ. ಪ್ಯಾಡಿಗೆ ಇಂಧನದ ಎಣ್ಣೆ ತಾಗಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲಲ್ಲ, ಮೊದಲು ಸ್ಪಿರಿಟ್‌ನಲ್ಲಿ ಒರೆಸಿ.

ಜಿಗಿದಾಗ ಗಾಳಿಯಲ್ಲಿ ಎಕ್ಸಿಲರೇಟರ್ ಹಿಡಿದೇ ಇಳಿಸಬೇಡಿ. ಜೋರಾಗಿ ತಿರುಗುತ್ತಿರುವ ಚಕ್ರ ನೆಲ ಮುಟ್ಟಿದ ಕೂಡಲೇ ತಟ್ಟನೆ ನಿಧಾನ ಆಗುತ್ತೆ, ಆ ಪೆಟ್ಟೆಲ್ಲ ರಿಂಗ್ ಗೇರಿಗೆ. ನೆಲ ತಾಗುವ ಮೊದಲೇ ಬೆರಳು ಬಿಡಿ.

ಆರ್ಮ್ ಬೇಡ. ನೈಲಾನ್ ಬಗ್ಗಿ ವಾಪಸ್ ಬರುತ್ತೆ, ಅಲ್ಯೂಮಿನಿಯಂ ಬಗ್ಗಿದರೆ ಹಾಗೇ ಉಳಿಯುತ್ತೆ. ಬಗ್ಗದಿದ್ದರೆ ಹಿಂಜ್ ಪಿನ್ನು, ಬಲ್ಕ್‌ಹೆಡ್ (ಆರ್ಮ್ ಕೂರುವ ಚೌಕಟ್ಟು) ಎರಡನ್ನೂ ಒಡೆಯುತ್ತೆ. ಶಾಫ್ಟ್ ವಿಷಯದಲ್ಲಿ ಆಗಿದ್ದೇ ಇಲ್ಲೂ ಆಗುತ್ತೆ. ಆರ್‌ಪಿಎಂ ಥರದ ದಪ್ಪ ನೈಲಾನ್ ಆರ್ಮ್ ಸಿಕ್ಕರೆ ಹಾಕಿ.

ಉತ್ತರ 2

ಡಿಫ್ ಬಿಚ್ಚಿದಾಗಲೇ ಇನ್ನೆರಡು ನೋಡಿಬಿಡಿ. ಕ್ಲಚ್ ಬೆಲ್ (ಎಂಜಿನ್ ಕ್ಲಚ್‌ನ ಹಲ್ಲಿರುವ ಹೊರ ಬಟ್ಟಲು) ಬೇರಿಂಗ್: ರೆವೋ, ಟಿ-ಮ್ಯಾಕ್ಸ್‌ಗೆ 5x11x4, ಸ್ಯಾವೇಜ್‌ಗೆ 5x10x4 ಮಿಮೀ, ನಿಮ್ಮದಕ್ಕೆ ಅಳತೆ ತೆಗೆದು ತನ್ನಿ. ಅದು ಒಡೆದರೆ ಬೆಲ್ ಓಲಾಡಿ, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ಹಲ್ಲು ತಿನ್ನುತ್ತೆ. ಸ್ಪರ್ ಮೆಶ್‌ಗೆ ಬೆಲ್ಲಿಗೂ ಸ್ಪರ್‌ಗೂ ನಡುವೆ ಮಾಮೂಲಿ ಬಿಳಿ ಹಾಳೆಯ ಪಟ್ಟಿ ಓಡಿಸಿ. ಹಾಳೆಯಲ್ಲಿ ಹಲ್ಲಿನ ಮಡಿಕೆ ಬೀಳಬೇಕು, ಹರಿಯಬಾರದು. ಎಂಜಿನ್ ಮೌಂಟ್ ಸ್ಕ್ರೂಗಳ ಎಣ್ಣೆ ಒರೆಸಿ ನೀಲಿ ಥ್ರೆಡ್‌ಲಾಕ್ ಹಾಕಿ. ಎಣ್ಣೆ ಮೇಲೆ ಹಾಕಿದ ಥ್ರೆಡ್‌ಲಾಕ್ ಹಿಡಿಯಲ್ಲ, ಒಂದೇ ಟ್ಯಾಂಕಿಗೆ ಸ್ಕ್ರೂ ಮತ್ತೆ ಸಡಿಲ.

ಶಿಮ್ ಹಾಕಿದ ಮೇಲೆ ಎರಡು ಟ್ಯಾಂಕ್ ಓಡಿಸಿ ಡಿಫ್ ಮತ್ತೊಮ್ಮೆ ತೆರೆಯಿರಿ, ಹಲ್ಲಿನ ಹೊಳಪಿನ ಫೋಟೋ ಇಲ್ಲಿ ಹಾಕಿ. ಮೇಲಂಚಿನ ಗೆರೆ ಇನ್ನೂ ಕಂಡರೆ 0.1 ಇನ್ನೊಂದು ಬೇಕು.