ಆರು ತಿಂಗಳು ನಾನು ಹಡಗಿನಲ್ಲಿ, ಬೈಕ್ ಮನೆಯಲ್ಲಿ. ಬ್ಯಾಟರಿಗೆ ಎಂತ ಮಾಡುವುದು?

ಕಾಪು ಕಡಲು:
ನಮಸ್ಕಾರ. ನಾನು ಮರ್ಚೆಂಟ್ ನೇವಿಯಲ್ಲಿ ಇದ್ದೇನೆ. ಮೇ ಕೊನೆಗೆ ಹಡಗು ಹತ್ತಿದರೆ ಮತ್ತೆ ಊರಿಗೆ ಬರುವುದು ನವೆಂಬರ್‌ಗೆ. ಮನೆ ಕಾಪುವಿನಲ್ಲಿ, ಸಮುದ್ರದ ಹತ್ತಿರವೇ. ಬೈಕ್ ಹೊಸ ಕ್ಲಾಸಿಕ್ 350, ಕಿಕ್ಕರ್ ಇಲ್ಲದ ಮಾಡೆಲ್. ಬ್ಯಾಟರಿ ಮೇಲೆ 12 ವೋಲ್ಟ್, 8 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಚಾರ್ಜಿನ ಲೆಕ್ಕ) ಅಂತ ಉಂಟು. ಜಿಪಿಎಸ್ ಟ್ರ್ಯಾಕರ್ ಕೂಡ ಹಾಕಿಸಿದ್ದೇನೆ.

ಅಪ್ಪನಿಗೆ ಬೈಕ್ ಓಡಿಸಲು ಬರುವುದಿಲ್ಲ. ಆದರೆ "ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ, ನೀನು ಆರಾಮಾಗಿ ಹೋಗು" ಅನ್ನುತ್ತಾರೆ. ಅಷ್ಟು ಸಾಕಾ?

ಉಡುಪಿ ಆಟೋ ಎಲೆಕ್ಟ್ರಿಕ್:
ಸಾಕಾಗುವುದಿಲ್ಲ ಮಾರಾಯ್ರೆ. ಐದು ನಿಮಿಷ ಸ್ಟಾರ್ಟ್ ಮಾಡುವುದಕ್ಕಿಂತ ಮುಟ್ಟದೆ ಬಿಡುವುದೇ ಒಳ್ಳೆಯದು. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ದೊಡ್ಡ ಕರೆಂಟ್ ಹೋಗುತ್ತದೆ. ಅದು ವಾಪಸ್ ತುಂಬಬೇಕಾದರೆ ಗಾಡಿ ರಸ್ತೆಯಲ್ಲಿ ಓಡಬೇಕು. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ತುಂಬಾ ಕಡಿಮೆ. ಮೇಲಿಂದ 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ. ಹುಟ್ಟುವ ಕರೆಂಟ್‌ನಲ್ಲಿ ದೊಡ್ಡ ಪಾಲು ಲೈಟಿಗೇ ಹೋಗುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ನಿಲ್ಲುವುದು ಬೇರೆ. ನಮ್ಮ ಮಳೆಗಾಲದಲ್ಲಿ ತುಕ್ಕಿಗೆ ಮತ್ತೆಂತ ಬೇಕು?

ಇನ್ನು ನಿಮ್ಮ ಟ್ರ್ಯಾಕರ್. ಅದು ಸರಾಸರಿ 10 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 0.24 ಎಎಚ್ ಆಯಿತು. 8 ಎಎಚ್ ಬ್ಯಾಟರಿ ತಿಂಗಳು ಚಿಲ್ಲರೆಯಲ್ಲಿ ಪೂರ್ತಿ ಖಾಲಿ. ಅಷ್ಟು ದಿನವೂ ಬೇಡ, ಅರ್ಧ ಖಾಲಿಯಾದಾಗಲೇ ಸೆಲ್ಫ್ ತಕರಾರು ಶುರು ಮಾಡುತ್ತದೆ. ಖಾಲಿ ಬ್ಯಾಟರಿ ಹಾಗೇ ಬಿದ್ದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರುವುದಿಲ್ಲ.

ಚೌತಿ ಹೊತ್ತಿಗೆ ಅಂಗಡಿಗೆ ಇಂಥವೇ ಸಾಲಾಗಿ ಬರುತ್ತವೆ, ಜಾಸ್ತಿ ಗಲ್ಫ್‌ನವರದ್ದು. ಮೀಟರ್ ಇಟ್ಟರೆ 12.5 ವೋಲ್ಟ್ ತೋರಿಸುತ್ತದೆ, ಓನರ್ ಮುಖದಲ್ಲಿ ನಗು. ಮೀಟರಿನ ಕಡ್ಡಿ ತೆಗೆಯದೆ ಸೆಲ್ಫ್ ಒತ್ತಿ ಅನ್ನುತ್ತೇನೆ. ರಿಲೇ ಟಕ ಟಕ ಅನ್ನುತ್ತದೆ, ಮೀಟರ್ 8ಕ್ಕೆ ಇಳಿಯುತ್ತದೆ. ಫುಲ್ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಹೋದರೆ ಆ ಬ್ಯಾಟರಿ ಮುಗಿಯಿತು ಅಂತಲೇ ಲೆಕ್ಕ.

ನೀವು ಹೀಗೆ ಮಾಡಿ. ಹೊರಡುವ ಮುಂಚೆ ಫುಲ್ ಚಾರ್ಜ್ ಮಾಡಿಸಿ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿದರೆ 12.7ರ ಮೇಲೆ ನಿಲ್ಲಬೇಕು. ಆಮೇಲೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಉಲ್ಟಾ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೂ ಕಿಡಿ ಹಾರಬಾರದಲ್ವಾ, ಅದಕ್ಕೆ. ಅಪ್ಪನಿಗೆ ತಿಂಗಳಿಗೊಮ್ಮೆ ಮೀಟರ್ ಇಟ್ಟು ನೋಡಲು ಹೇಳಿಕೊಡಿ. 12.5ರ ಹತ್ತಿರ ಬಂದರೆ ಚಾರ್ಜಿಗೆ ಹಾಕಿದರಾಯಿತು.

ಸುರತ್ಕಲ್ ಬುಲೆಟ್:
ಇಷ್ಟೆಲ್ಲ ತಾಪತ್ರಯ ಯಾಕೆ ಅಣ್ಣ? ಆಟೋ ಕಟ್ ಚಾರ್ಜರ್ ಸಿಕ್ಕಿಸಿ ಆರು ತಿಂಗಳು ಹಾಗೇ ಬಿಟ್ಟರೆ ಆಗುವುದಿಲ್ಲವಾ? ನನ್ನ ಫ್ರೆಂಡ್ ಬೆಂಗಳೂರಿನಲ್ಲಿ ಹಾಗೇ ಮಾಡುತ್ತಾನೆ.

ಉಡುಪಿ ಆಟೋ ಎಲೆಕ್ಟ್ರಿಕ್:
ಚಾರ್ಜರ್ ಒಳ್ಳೆಯದಾದರೆ ಬ್ಯಾಟರಿಗೆ ಏನೂ ತೊಂದರೆ ಇಲ್ಲ. ಫುಲ್ ಆದ ಮೇಲೆ ಅದೇ 13.5ರ ಆಸುಪಾಸಿಗೆ ಇಳಿದು ಸುಮ್ನೆ ಕಾಯುತ್ತಾ ಇರುತ್ತದೆ. ಆದರೆ ನಮ್ಮ ಕಡೆಯ ಸಿಡಿಲು ಗೊತ್ತಲ್ಲ? ಮಳೆ ಶುರುವಾಗುವ ಮುಂಚೆ ಒಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಟಿವಿ ಪ್ಲಗ್ ಕಿತ್ತಿಡುವ ಮನೆಯಲ್ಲಿ ಇದನ್ನು ಮಾತ್ರ ಮರೆಯುತ್ತಾರೆ. ಚಾರ್ಜರ್ ಸುಟ್ಟರೆ ಹೋಗಲಿ, ಬೈಕಿಗೂ ಸಿಕ್ಕಿಸಿಟ್ಟಿದ್ದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಬಹುದು. ಅದರ ರೇಟಿನಲ್ಲಿ ಎಷ್ಟೋ ಬ್ಯಾಟರಿ ಬರುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ಸಾಕು ಅನ್ನುವುದು.

ಇನ್ನೊಂದು, ಕಾರಿನ ಬ್ಯಾಟರಿಗೆ ಬಳಸುವ ದೊಡ್ಡ ಚಾರ್ಜರ್ ಬೇಡ. 8 ಎಎಚ್‌ಗೆ 0.8 ಆಂಪಿಯರ್, ಹೆಚ್ಚೆಂದರೆ ಒಂದು. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳಲ್ಲಿ ಕಟ್ ಆಫ್ ಇರುವುದಿಲ್ಲ, ಫುಲ್ ಆದರೂ ಚಾರ್ಜ್ ಮಾಡುತ್ತಲೇ ಇರುತ್ತವೆ. ಸೀಲ್ಡ್ ಬ್ಯಾಟರಿ ಒಳಗೇ ಒಣಗಿ ಹೋಗುತ್ತದೆ, ನೀರು ಹಾಕಲು ಮುಚ್ಚಳವೂ ಇಲ್ಲ.

ಕಾಪು ಕಡಲು:
ಥ್ಯಾಂಕ್ಸ್ ಅಣ್ಣ. ಎರಡು ಡೌಟು. ಬ್ಯಾಟರಿ ನೆಲದ ಮೇಲೆ ಇಡಬಾರದು, ಕರೆಂಟ್ ಇಳಿದು ಹೋಗುತ್ತದೆ ಅಂತ ಅಪ್ಪ ಹೇಳುತ್ತಾರೆ, ನಿಜವಾ? ಮತ್ತೆ ಟರ್ಮಿನಲ್‌ನಲ್ಲಿ ಈಗಲೇ ಸ್ವಲ್ಪ ಹಸಿರು ಪುಡಿ ಕಾಣುತ್ತಿದೆ. ಅಕಸ್ಮಾತ್ ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡಬಹುದಾ?

ಉಡುಪಿ ಆಟೋ ಎಲೆಕ್ಟ್ರಿಕ್:
ಎರಡು ಅಂತ ಹೇಳಿ ಮೂರು ಕೇಳಿದಿರಿ!

ನೆಲದ ಮಾತು ಹಳೇ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದಿಂದ ಏನೂ ಆಗುವುದಿಲ್ಲ. ಆದರೂ ಅಪ್ಪ ಹಲಗೆ ಮೇಲೆ ಇಡುತ್ತಾರಾದರೆ ಇಡಲಿ, ವಾದ ಮಾಡಬೇಡಿ. ಸೆಕೆ ಇಲ್ಲದ ಜಾಗ ನೋಡಿ, ಅದು ಮುಖ್ಯ. ಬಿಸಿ 10 ಡಿಗ್ರಿ ಏರಿದರೆ ಬ್ಯಾಟರಿ ತನ್ನಷ್ಟಕ್ಕೇ ಇಳಿಯುವ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಹಂಚಿನ ಕೆಳಗಿನ ಅಟ್ಟ ಬೇಡ.

ಹಸಿರು ಪುಡಿ ಕಡಲ ಗಾಳಿಯ ಉಡುಗೊರೆ. ಬ್ಯಾಟರಿ ಬಿಚ್ಚಿದ ಮೇಲೆ ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಉಜ್ಜಿ. ವೈರಿನ ತುದಿಯನ್ನೂ ಬಿಡಬೇಡಿ, ಜಾಸ್ತಿ ಕೂರುವುದು ಅಲ್ಲೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ.

ತಳ್ಳುವ ಆಸೆ ಬಿಡಿ. ಇಂಜೆಕ್ಷನ್ ಗಾಡಿ, ಇಂಜಿನ್‌ಗೆ ಪೆಟ್ರೋಲ್ ಹೋಗುವುದೇ ಕರೆಂಟ್ ಪಂಪಿನಿಂದ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೇ ತಿರುಗುವುದಿಲ್ಲ, ನೀವು ಕಾಪುವಿನಿಂದ ಕಟಪಾಡಿವರೆಗೆ ತಳ್ಳಿದರೂ ಅಷ್ಟೇ. ಬ್ಯಾಟರಿ ತೆಗೆದರೆ ಗಡಿಯಾರದ ಟೈಮ್ ತಪ್ಪುತ್ತದೆ, ಓಡಿದ ಕಿಲೋಮೀಟರ್ ಹಾಗೇ ಇರುತ್ತದೆ. ಟ್ರ್ಯಾಕರ್ ಕಂಪನಿಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ವೈರ್ ಕಟ್ ಆಗಿದೆ ಅಂತ ನಡುಸಮುದ್ರದಲ್ಲಿ ನಿಮಗೆ ಮೆಸೇಜ್ ಬರುತ್ತಲೇ ಇರುತ್ತದೆ.