ಜಿಎನ್‌ಎಂ ಮಾಡಿದವರ ಕೆಲಸ 2221ಕ್ಕೆ ಸೇರುತ್ತದೆಯೇ, 3221ಕ್ಕೆ ಸೇರುತ್ತದೆಯೇ?

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಹೊರದೇಶದ ಕೆಲಸಕ್ಕಾಗಿ ತುಂಬಬೇಕಾದ ನಮೂನೆಯೊಂದರಲ್ಲಿ ವೃತ್ತಿ ಸಂಕೇತವನ್ನು ಕೇಳಿದ್ದಾರೆ. ಅದರಲ್ಲಿ ನರ್ಸಿಂಗ್‌ಗೆ 2221 ಮತ್ತು 3221 ಎಂಬ ಎರಡು ಸಂಖ್ಯೆಗಳಿವೆ. ಬಿಎಸ್ಸಿ ಆಗದವರು 3221 ಎಂದೇ ಬರೆಯಬೇಕೆಂದು ಏಜೆಂಟರು ಖಂಡಿತವಾಗಿ ಹೇಳುತ್ತಿದ್ದಾರೆ. ಆಸ್ಪತ್ರೆಯವರು ಕೊಟ್ಟ ಅನುಭವ ಪತ್ರದಲ್ಲಿ ‘ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿರುತ್ತಾರೆ, ನಡತೆ ಉತ್ತಮ’ ಎಂಬುದರ ಹೊರತು ಬೇರೇನೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುವವರಿಗೆ ಶುಶ್ರೂಷಾಧಿಕಾರಿ ಎನ್ನುತ್ತಾರೆ. ಆ ಹೆಸರಿದ್ದರೆ ಸಂಕೇತವೂ ಬದಲಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನರ್ಸಿಂಗ್ ಬೋಧಕಿ, ಬೀದರ್

ನಿಮ್ಮ ಪ್ರಶ್ನೆಯಲ್ಲಿ ನೋಂದಣಿ, ಹುದ್ದೆಯ ಹೆಸರು ಮತ್ತು ವೃತ್ತಿ ಸಂಕೇತ ಒಂದರೊಳಗೊಂದು ಬೆರೆತಿವೆ. ನೋಂದಣಿಯನ್ನು ಪರಿಷತ್ತು ಕೊಡುತ್ತದೆ. ಜಿಎನ್‌ಎಂ ಆದವರಿಗೂ ಬಿಎಸ್ಸಿ ಆದವರಿಗೂ ಸಿಗುವುದು ಒಂದೇ, ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಮತ್ತು ಆರ್‌ಎಂ (ರಿಜಿಸ್ಟರ್ಡ್ ಮಿಡ್‌ವೈಫ್). ಹುದ್ದೆಯ ಹೆಸರನ್ನು ಕೆಲಸ ಕೊಟ್ಟವರು ಇಡುತ್ತಾರೆ; ಅದನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು.

ಸಂಕೇತದ ಲೆಕ್ಕವೇ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವೃತ್ತಿ ವರ್ಗೀಕರಣದಲ್ಲಿ 2221 ಎಂದರೆ ನರ್ಸಿಂಗ್ ವೃತ್ತಿಪರರು, 3221 ಎಂದರೆ ನರ್ಸಿಂಗ್ ಸಹವೃತ್ತಿಪರರು, 5321 ಎಂದರೆ ಆರೈಕೆ ಸಹಾಯಕರು. ನಮ್ಮ ದೇಶದ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವೂ ಅದೇ ಚೌಕಟ್ಟನ್ನು ಅನುಸರಿಸುತ್ತದೆ. ಏಜೆಂಟರು ಓದದೇ ಬಿಟ್ಟಿರುವ ಟಿಪ್ಪಣಿಯೊಂದು ಆ ಅಂತರರಾಷ್ಟ್ರೀಯ ದಾಖಲೆಯಲ್ಲಿಯೇ ಇದೆ: ನರ್ಸ್‌ಗಳ ತರಬೇತಿ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬೇರೆಯಾಗಿರುವುದರಿಂದ, ಈ ಎರಡು ವರ್ಗಗಳ ನಡುವೆ ಗೆರೆ ಎಳೆಯುವಾಗ ವ್ಯಕ್ತಿಯ ವಿದ್ಯಾರ್ಹತೆಯನ್ನು ಮುಖ್ಯ ಆಧಾರವಾಗಿ ಹಿಡಿಯದೆ, ಮಾಡುವ ಕೆಲಸದ ಸ್ವರೂಪವನ್ನು ನೋಡಬೇಕು ಎಂದು ಅದು ಹೇಳುತ್ತದೆ.

ಆ ಸ್ವರೂಪವನ್ನು ವಾರ್ಡಿನಲ್ಲಿ ನೋಡೋಣ. ಸಿಸೇರಿಯನ್ ಆದ ಬಾಣಂತಿಯೊಬ್ಬಳ ಬಿಪಿ ರಾತ್ರಿ ಪಾಳಿಯಲ್ಲಿ ಇಳಿಯತೊಡಗಿದೆ ಎಂದಿಟ್ಟುಕೊಳ್ಳಿ. ಪ್ಯಾಡನ್ನು ನೋಡಿ ರಕ್ತಸ್ರಾವವನ್ನು ಅಂದಾಜು ಮಾಡಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ, ಗಂಟೆಗೊಮ್ಮೆ ನೋಡುತ್ತಿದ್ದ ಬಿಪಿಯನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಲು ತಾನೇ ತೀರ್ಮಾನಿಸಿ, ವೈದ್ಯರಿಗೆ ಫೋನ್ ಮಾಡಿ, ಆರೈಕೆಯ ಯೋಜನೆಯನ್ನು ಚಾರ್ಟಿನಲ್ಲಿ ತಿದ್ದಿ ಬರೆಯುವವರ ಕೆಲಸ 2221ಕ್ಕೆ ಸೇರುತ್ತದೆ. ಬೇರೆಯವರು ಹಾಕಿಕೊಟ್ಟ ಯೋಜನೆಯಂತೆ, ಮೇಲ್ವಿಚಾರಣೆಯಲ್ಲಿ ಬಿಪಿ ನೋಡಿ, ಔಷಧ ಕೊಟ್ಟು, ಡ್ರೆಸ್ಸಿಂಗ್ ಮಾಡುವುದಷ್ಟೇ ಕೆಲಸವಾಗಿದ್ದರೆ ಅದು 3221. ನಿಮ್ಮ ತಂಗಿಯವರು ಮೊದಲನೆಯ ಬಗೆಯ ಕೆಲಸ ಮಾಡುತ್ತಿದ್ದರೆ ಬಿಎಸ್ಸಿ ಇಲ್ಲವೆಂಬ ಕಾರಣಕ್ಕೆ 3221 ಬರೆಯಬೇಕಾಗಿಲ್ಲ. ಆದರೆ ಅದನ್ನು ತೋರಿಸಲು ಆ ಒಂದು ಸಾಲಿನ ಅನುಭವ ಪತ್ರ ಸಾಲದು.

ಶಹಾಪುರದ ಎಎನ್‌ಎಂ

ಮೇಡಂ, ಕೆಲಸದ ಸ್ವರೂಪವೇ ಆಧಾರವೆಂದರೆ ನಮ್ಮಂಥವರ ಗತಿಯೇನು? ನಾನು ಯಾದಗಿರಿ ಜಿಲ್ಲೆಯ ಆರೋಗ್ಯ ಉಪಕೇಂದ್ರವೊಂದರಲ್ಲಿ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಆಗಿದ್ದೇನೆ. ಈಗ ನಮ್ಮನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಗರ್ಭಿಣಿಯರಲ್ಲಿ ಯಾರಿಗೆ ಅಪಾಯವಿದೆ, ಯಾರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಎಷ್ಟೋ ಸಲ ನಾನೊಬ್ಬಳೇ ನಿರ್ಧರಿಸುತ್ತೇನೆ. ಹಾಗಾದರೆ ನಾನೂ ರಿಜಿಸ್ಟರ್ಡ್ ನರ್ಸ್ ಎಂದು ಬರೆಯಬಹುದೇ?

ನರ್ಸಿಂಗ್ ಬೋಧಕಿ, ಬೀದರ್

ಹಾಗೆ ಬರೆಯಲು ಬರುವುದಿಲ್ಲ, ಅಕ್ಕಾವರೇ. ರಿಜಿಸ್ಟರ್ಡ್ ನರ್ಸ್ ಎಂಬುದು ಕಾನೂನಿನಿಂದ ಬಂದ ಹೆಸರು. ಎರಡು ವರ್ಷದ ಎಎನ್‌ಎಂ ತರಬೇತಿ ಪಡೆದವರ ನೋಂದಣಿ ಬೇರೆಯಾಗಿಯೇ ಇದೆ. ಸಂಕೇತವು ಜನಗಣತಿ, ಕಾರ್ಮಿಕ ಸಮೀಕ್ಷೆಗಳಂಥ ಲೆಕ್ಕಕ್ಕಾಗಿ ಹುಟ್ಟಿದ್ದು, ಅದು ಯಾರಿಗೂ ಅಧಿಕಾರ ಕೊಡುವುದಿಲ್ಲ. ನಿಮ್ಮ ಕೆಲಸದ ಭಾರವನ್ನು ಈ ವರ್ಗೀಕರಣಗಳು ಸರಿಯಾಗಿ ತೂಗಿಲ್ಲ ಎಂಬ ನಿಮ್ಮ ಅಸಮಾಧಾನ ಮಾತ್ರ ನ್ಯಾಯವಾದದ್ದೇ.

ಜೇವರ್ಗಿ ಓದುಗ

ಅಮೆರಿಕದ ಅರ್ಜಿಯಾದರೆ ಸಂಖ್ಯೆಯೇ ಬೇರೆ. ಅಲ್ಲಿಯ 2018ರ ವರ್ಗೀಕರಣದಲ್ಲಿ ರಿಜಿಸ್ಟರ್ಡ್ ನರ್ಸ್‌ಗೆ 29-1141, ಪರವಾನಗಿ ಪಡೆದ ಪ್ರಾಯೋಗಿಕ ನರ್ಸ್‌ಗೆ 29-2061. ಮೊದಲನೆಯದರ ವ್ಯಾಖ್ಯಾನದಲ್ಲಿ ರೋಗಿಯ ಅಗತ್ಯಗಳನ್ನು ಅಳೆಯುವುದು, ಆರೈಕೆಯ ಯೋಜನೆ ಮಾಡಿ ಜಾರಿಗೆ ತರುವುದು, ದಾಖಲೆ ಇಡುವುದು ಇವೆಲ್ಲ ಬರುತ್ತವೆ. ಜೊತೆಗೆ ಪರವಾನಗಿ ಅಥವಾ ನೋಂದಣಿ ಬೇಕೇ ಬೇಕು ಎಂದೂ ಇದೆ. ಅರಿವಳಿಕೆ ನರ್ಸ್, ಸೂಲಗಿತ್ತಿ ನರ್ಸ್ ಮತ್ತು ನರ್ಸ್ ಪ್ರಾಕ್ಟಿಷನರ್‌ಗಳನ್ನು ಅದರಿಂದ ಹೊರಗಿಟ್ಟು ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಕೆನಡಾದಲ್ಲಿ 31301. ಆದ್ದರಿಂದ ಯಾವ ದೇಶದ ನಮೂನೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಇಲ್ಲಿಯೇ ಸರ್ಕಾರಿ ಕೆಲಸಕ್ಕೂ ಪ್ರಯತ್ನಿಸುವುದಾದರೆ ಈ ಸಂಕೇತಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಶುಶ್ರೂಷಾಧಿಕಾರಿ ‘ಸಿ’ ಗುಂಪಿನ ಹುದ್ದೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ಆ ಅರ್ಹತಾ ಪತ್ರವನ್ನು ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ಸೇಡಂ ರಸ್ತೆ, ಕಲಬುರಗಿ

ತಮ್ಮೆಲ್ಲರಿಗೂ ಧನ್ಯವಾದಗಳು. ನಮ್ಮದು ಕೊಲ್ಲಿ ದೇಶದ ಅರ್ಜಿ. ಅನುಭವ ಪತ್ರವನ್ನು ತಿದ್ದಿಕೊಡಿ ಎಂದರೆ ಆಸ್ಪತ್ರೆಯ ಕಚೇರಿಯವರು ನಮೂನೆ ಮೊದಲಿನಿಂದಲೂ ಹೀಗೆಯೇ ಇದೆ ಎನ್ನುತ್ತಾರೆ.

ನರ್ಸಿಂಗ್ ಬೋಧಕಿ, ಬೀದರ್

ಅನುಭವ ಪತ್ರ ಹಾಗೆಯೇ ಇರಲಿ, ಅದರ ಜೊತೆಗೆ ಕರ್ತವ್ಯಗಳ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಕೇಳಿ. ಅದು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿರಬೇಕು, ನರ್ಸಿಂಗ್ ಸೂಪರಿಂಟೆಂಡೆಂಟರ ಸಹಿ ಮತ್ತು ಮೊಹರು ಇರಬೇಕು. ವಾರ್ಡಿನ ಹೆಸರು, ಹಾಸಿಗೆಗಳ ಸಂಖ್ಯೆ, ಪೂರ್ಣಕಾಲಿಕವೋ ಅಲ್ಲವೋ, ಕೆಲಸಕ್ಕೆ ಸೇರಿದ ದಿನಾಂಕ, ಪರಿಷತ್ತಿನ ನೋಂದಣಿ ಸಂಖ್ಯೆ, ಆಮೇಲೆ ಅವರು ಸ್ವತಃ ಮಾಡುವ ಕೆಲಸಗಳು ಬರಲಿ. ಮಾಡದ ಕೆಲಸವನ್ನು ಬರೆಸಬೇಡಿ. ಕೊಲ್ಲಿ ದೇಶಗಳ ಅರ್ಜಿಗಳಲ್ಲಿ ದಾಖಲೆಗಳನ್ನು ಪರಿಶೀಲಿಸುವ ಡೇಟಾಫ್ಲೋ ಸಂಸ್ಥೆಯವರು ನೇರವಾಗಿ ಆಸ್ಪತ್ರೆಯನ್ನೇ ಸಂಪರ್ಕಿಸಿ ವಿಚಾರಿಸುತ್ತಾರೆ. ಆಗ ಅಲ್ಲಿಯವರು ಹೇಳುವುದಕ್ಕೂ ಹಾಳೆಯಲ್ಲಿರುವುದಕ್ಕೂ ತಾಳೆಯಾಗಬೇಕು.