ದೊಡ್ಡಜಾಲ ಸ್ಟೇಷನ್ ದಾರಿ: ಲೈಟು, ಕೆಸರು, ಅರ್ಜಿ (ನಮ್ಮ ಲೇಔಟ್ ಗ್ರೂಪಿನ ಮಾತುಕತೆ)

2ನೇ ಕ್ರಾಸ್: ನಮಸ್ಕಾರ. ನಿನ್ನೆ ಮಳೆಗೆ ಸ್ಟೇಷನ್ ಕಡೆ ತಿರುಗೋ ತಗ್ಗಲ್ಲಿ ಮತ್ತೆ ನೀರು ನಿಂತಿದೆ. ಸಂಜೆ ಟ್ರೈನ್ ಇಳಿದೋರೆಲ್ಲ ಒಂದು ಕೈಲಿ ಚಪ್ಪಲಿ, ಇನ್ನೊಂದ್ರಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಬಂದ್ರು. ಕಂಬ ಇದೆ, ಬಲ್ಬ್ ಇಲ್ಲ. ಬಾಯಿಮಾತು ಸಾಕು, ಈ ಸಲ ಬರವಣಿಗೇಲಿ ಅರ್ಜಿ ಕೊಡೋಣ.

5ನೇ ಕ್ರಾಸ್: ಸೈನ್ ಹಾಕ್ತೀನಿ. ಆದ್ರೆ ಬರೋದೇ ಬೆರಳೆಣಿಕೆ ಟ್ರೈನು, ಅದಕ್ಕೆ ಯಾರು ದುಡ್ಡು ಹಾಕ್ತಾರೆ? ಬೆಂಗಳೂರು ಸಬರ್ಬನ್ ರೈಲು ಬರಲಿ, ತಾನಾಗೇ ಸರಿಹೋಗತ್ತೆ.

2ನೇ ಕ್ರಾಸ್: ಅದಕ್ಕೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದ್ದು. ಒಟ್ಟು 148 ಕಿ.ಮೀ., ದೇವನಹಳ್ಳಿ ಕಡೆ ಬರೋ ಸಂಪಿಗೆ ಮಾರ್ಗವೇ 41 ಕಿ.ಮೀ. ಅಲ್ಲೀವರೆಗೂ ಚಪ್ಪಲಿ ಕೈಲೇ ಇಟ್ಕೊಳ್ಳೋದಾ?

ಎ ಬ್ಲಾಕ್, ಮೂಲೆ ಮನೆ: ಅರ್ಜೀಲಿ ಸ್ಟೇಷನ್ ಚರಿತ್ರೆನೂ ಹಾಕಿ. ಯಲಹಂಕ–ಚಿಕ್ಕಬಳ್ಳಾಪುರ ಲೈನು ಶುರುವಾಗಿದ್ದು 1915ರಲ್ಲಿ, ಎರಡೂವರೆ ಅಡಿ ಅಗಲದ ನ್ಯಾರೋ ಗೇಜು. ಹಳಿ ಹಾಕಿದ್ದು ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅನ್ನೋ ಕಂಪನಿ. ಆ ಕಡೆ ಬೌರಿಂಗ್‌ಪೇಟೆ, ಅಂದ್ರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಪುಟ್ಟ ರೈಲು ಓಡ್ತಿತ್ತು. ಆಮೇಲೆ ಅದು ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಬಂದು ಇದಕ್ಕೆ ಕೂಡ್ಕೊಳ್ತು. ನಮ್ಮ ಭಾಗ ಬ್ರಾಡ್‌ಗೇಜ್ ಆಗಿದ್ದು ತೊಂಬತ್ತರ ದಶಕದಲ್ಲಿ. ಕೋಲಾರದ ತನಕ ಆಗೋ ಹೊತ್ತಿಗೆ 2013 ಬಂತು!

ಸಿ ಬ್ಲಾಕ್: ಸಾರ್, ಅರ್ಜಿ ಓದೋರಿಗೆ ಇಷ್ಟು ತಾಳ್ಮೆ ಇರತ್ತಾ? 😀 ನಂದೊಂದು ಐಡಿಯಾ. ಭಾನುವಾರ ಶ್ರಮದಾನ ಮಾಡಿ ಹಳೇ ಕಟ್ಟಡದ ಬಿರುಕಿಗೆ ಸಿಮೆಂಟ್ ಮೆತ್ತಿ, ಪೇಂಟ್ ಹೊಡೆದು, ಫೋಟೋ ಹಾಕಿದ್ರೆ ಎಲ್ಲರ ಕಣ್ಣಿಗೂ ಬೀಳತ್ತೆ.

ಎ ಬ್ಲಾಕ್, ಮೂಲೆ ಮನೆ: ದಯವಿಟ್ಟು ಅದೊಂದು ಬೇಡ. ಹಳೇ ಗೋಡೆಗೆ ಸುಣ್ಣದ ಗಾರೆನೇ ಆಗಬೇಕು. ಒಳಗಿನ ತೇವ ಗಾರೆ ಮೂಲಕವೇ ಹೊರಗೆ ಹೋಗತ್ತೆ. ಮೇಲೆ ಸಿಮೆಂಟ್ ಬಳಿದ್ರೆ ತೇವ ಒಳಗೇ ಕೂತು ಕಲ್ಲು ಪುಡಿ ಉದುರಕ್ಕೆ ಶುರು. ಪೇಂಟ್ ಹೊಡೆದ್ರೂ ಅದೇ ಕಥೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಈ ನಾಲ್ಕು ಸ್ಟೇಷನ್ ಉಳಿಸೋ ಕೆಲಸಕ್ಕೆ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸೋ ಸಂಸ್ಥೆಯವರು ಕೈ ಹಾಕಿದ್ರು. ನಂದಿ ಹಾಲ್ಟ್ ಹೋಗಿ ನೋಡ್ಕೊಂಡು ಬನ್ನಿ. ಅದು ಗೊತ್ತಿರೋರ ಕೆಲಸ. ಅಪ್ಪಣೆ ಇಲ್ದೆ ಕೈ ಹಚ್ಚಿದ್ರೆ ಕೇಸು ಬೇರೆ.

ಸಿ ಬ್ಲಾಕ್: ಸರಿ ಸಾರ್, ಬ್ರಷ್ ವಾಪಸ್ 🙏

5ನೇ ಕ್ರಾಸ್: ನಮ್ಮ ಮುಂದಿನ ಸ್ಟೇಷನ್ ಏರ್‌ಪೋರ್ಟ್ ಹಾಲ್ಟ್ ಶುರುವಾಗಿದ್ದು 2021ರ ಜನವರೀಲಿ. ಏರ್‌ಪೋರ್ಟಲ್ಲಿ ಕೆಲಸ ಮಾಡೋರು ನಮ್ಮ ಲೇಔಟಲ್ಲಿ ಎಷ್ಟು ಮನೆ? ಲೆಕ್ಕ ಹಿಡೀರಿ. ಚರಿತ್ರೆಗಿಂತ ಅದು ಕೆಲಸಕ್ಕೆ ಬರತ್ತೆ.

2ನೇ ಕ್ರಾಸ್: ಒಪ್ಪಿದೆ. ಚರಿತ್ರೆ ಎರಡೇ ಸಾಲು, 1915 ಮತ್ತು ಹಳೇ ಕಟ್ಟಡ, ಅಷ್ಟೇ. ಕೇಳೋದು ಮಾತ್ರ ನೇರವಾಗಿ: ತಗ್ಗಿಗೆ ಮೋರಿ, ಕಂಬಕ್ಕೆ ಬಲ್ಬು. ಹೊಸ ಟ್ರೈನು, ಪಾರ್ಕಿಂಗು, ಕ್ಯಾಂಟೀನು ಅಂತ ಸೇರಿಸ್ತಾ ಹೋದ್ರೆ ಯಾವ್ದೂ ಆಗಲ್ಲ. ರಸ್ತೆ ಯಾರ ಜಾಗ ಅಂತ ರೈಲ್ವೆಯವರು, ಸ್ಥಳೀಯ ಆಡಳಿತದವರು ಒಬ್ಬರ ಮೇಲೊಬ್ಬರು ತಳ್ತಾರೆ, ಅದಕ್ಕೆ ಎರಡೂ ಕಡೆಗೆ ಒಂದೊಂದು ಪ್ರತಿ ಕೊಟ್ಟು ಸೀಲು ಹಾಕಿಸ್ಕೊಳ್ಳೋಣ.

7ನೇ ಕ್ರಾಸ್: ರಾತ್ರಿ ಪಾಳಿ ಹೆಣ್ಮಕ್ಕಳ ಸೈನ್ ಮೊದ್ಲು ಇರಲಿ. ನಮ್ಮನೆಯಿಂದ ಎರಡು ಬರ್ಕೊಳ್ಳಿ.

2ನೇ ಕ್ರಾಸ್: ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕ್ ಗೇಟ್ ಹತ್ರ. ಜೆರಾಕ್ಸ್ ಖರ್ಚು ನಂದು. ಪೆನ್ ನೀವೇ ತನ್ನಿ, ಹೋದ್ಸಲ ಕೊಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲ.